ಲಾಕ್‌ಡೌನ್‌ನಲ್ಲಿ ಕಡಲಹಸುಗಳು ನಿಜವಾಗಿ ವಾಪಸ್ ಬಂದವಾ?

ಪ್ರಶ್ನೆ: 2020ರಲ್ಲಿ ಮನುಷ್ಯರು ಮನೆ ಸೇರಿದ ಕೂಡಲೇ ಕಡಲಹಸು, ಡಾಲ್ಫಿನ್, ನವಿಲು ಎಲ್ಲ ವಾಪಸ್ ಬಂದವು ಅಂತಾರೆ. ನಿಜಾನಾ? ನಿಜ ಆಗಿದ್ರೆ ಆಮೇಲೆ ಎಲ್ಲಿಗೆ ಹೋದವು?
– ಧಾರವಾಡದ ಓದುಗರೊಬ್ಬರು

ಉತ್ತರ: ಆ ಏಪ್ರಿಲ್ ನೆನಪಿದೆಯಾ? ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್‌ಗಳು ಉದ್ಘಾಟನೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಡಿಪೋ ಸೇರಿದ್ದವು. ನಾವಿರೋದು ನವಲೂರಿನ ಕಡೆ. ಬೆಳಗಿನ ಜಾವ ನವಿಲಿನ ಕೂಗು ಶುರುವಾಯಿತು, ಅದೂ ನಾಲ್ಕೂ ದಿಕ್ಕಿನಿಂದ. ನವಿಲು ಬಂದವು ಅಂತ ನಾನು ಸಂಭ್ರಮಪಟ್ಟರೆ ಪಕ್ಕದ ಮನೆಯ ಕಾಕಾ ನಕ್ಕುಬಿಟ್ಟರು. "ಎಲ್ಲಿಂದ ಬರ್ತಾವೋ ತಮ್ಮಾ? ಮೊದ್ಲಿಂದೂ ಇಲ್ಲೇ ಅದಾವ. ನಿನಗ ಕೇಳಿಸ್ತಿದ್ದಿಲ್ಲ ಅಷ್ಟ."

ಅರ್ಧ ಉತ್ತರ ಅಲ್ಲೇ ಬಂತು ನೋಡಿ.

ಕಡಲಹಸು ಅಂದರೆ ಡುಗಾಂಗ್, ಸಮುದ್ರದಲ್ಲಿ ಹುಲ್ಲು ಮೇಯುವ ಸಸ್ತನಿ. ಆಗ ಎಲ್ಲೆಡೆ ಹರಿದಾಡಿದ ಅದರ ವಿಡಿಯೋ ಸುಳ್ಳಲ್ಲ. 2020ರ ಏಪ್ರಿಲ್‌ನಲ್ಲಿ ಥಾಯ್ಲೆಂಡಿನ ಲಿಬೋಂಗ್ ದ್ವೀಪದ ಹತ್ತಿರ ಡ್ರೋನ್‌ನಿಂದ ತೆಗೆದದ್ದು. ಸುಮಾರು 30 ಕಡಲಹಸುಗಳು ಆಳವಿಲ್ಲದ ನೀರಲ್ಲಿ ಒಟ್ಟಿಗೆ ಮೇಯುತ್ತಿದ್ದವು. ಆದರೆ ಆ ದೇಶದಲ್ಲಿ ಆಗ ಅವು ಜಾಸ್ತಿ ಇದ್ದದ್ದೇ ಆ ದ್ವೀಪದ ಸುತ್ತ. ಅಲ್ಲಿ ಸಮುದ್ರದ ತಳದಲ್ಲಿ ಕಡಲಹುಲ್ಲಿನ ಗೋಮಾಳವೇ ಇತ್ತು. ಕಡಲಹಸು ಹುಲ್ಲನ್ನು ಬೇರುಸಮೇತ ಕಿತ್ತು ತಿನ್ನುತ್ತಾ ಮುಂದೆ ಹೋಗುತ್ತದೆ. ಹೋದ ದಾರಿಯಲ್ಲಿ ಬೋಳು ಗೆರೆ ಉಳಿಯುತ್ತದೆ, ಎಡೆಕುಂಟಿ ಹೊಡೆದ ಸಾಲಿನ ಹಾಗೆ. ಪ್ರವಾಸಿಗರ ದೋಣಿ ಇಲ್ಲದ ದಿನ ಹಿಂಡು ದಂಡೆಯ ಹತ್ತಿರ ನಿರಾಳವಾಗಿ ಮೇಯ್ದಿರಬಹುದು. ಬೇರೆ ಊರಿಂದ ಬಂದದ್ದಲ್ಲ.

ಇಟಲಿಯ ವೆನಿಸ್ ನಗರದ ಕಾಲುವೆಗೆ ಡಾಲ್ಫಿನ್ ಬಂತು ಅನ್ನೋ ವಿಡಿಯೋ ಮಾತ್ರ ಶುದ್ಧ ಸುಳ್ಳು. ಅದು ಇಟಲಿಯದೇ ಸಾರ್ಡೀನಿಯಾ ದ್ವೀಪದ ಬಂದರಿನ ವಿಡಿಯೋ. (ನಾನೂ ಅದನ್ನು ಮೂರು ಗ್ರೂಪಿಗೆ ಕಳಿಸಿದ್ದೆ, ಒಪ್ಪಿಕೊಳ್ತೀನಿ.) ವೆನಿಸ್‌ನ ಕಾಲುವೆ ತಿಳಿಯಾಗಿದ್ದು ನಿಜ. ಆದರೆ ನೀರು ಶುದ್ಧವಾಗಿ ಅಲ್ಲ, ದೋಣಿ ಕಲಕದೆ ಕೆಸರು ತಳಕ್ಕೆ ಕೂತು. ಎಮ್ಮೆ ಇಳಿಯದ ದಿನ ಊರ ಕೆರೆ ತಿಳಿಯಾಗಲ್ವಾ, ಹಾಗೆ.

ಹಾಗಾದರೆ ಏನೂ ಬದಲಾಗಲಿಲ್ಲ ಅಂತಲೂ ಅಲ್ಲ. 43 ಜಾತಿಯ ಸುಮಾರು 2,300 ಸಸ್ತನಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಲಾಕ್‌ಡೌನ್ ಬಿಗಿಯಾಗಿದ್ದ ಕಡೆ ಅವು ಹತ್ತು ದಿನದಲ್ಲಿ ಕ್ರಮಿಸಿದ ದೂರ ಶೇ. 73ರಷ್ಟು ಹೆಚ್ಚಿತ್ತು. ಜನವಸತಿ ದಟ್ಟವಾಗಿರುವ ಕಡೆ ರಸ್ತೆಗೂ ಮೊದಲಿಗಿಂತ ಶೇ. 36ರಷ್ಟು ಹತ್ತಿರ ಬಂದಿದ್ದವು. ನನಗೆ ಇದಕ್ಕಿಂತ ಇಷ್ಟವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಗುಬ್ಬಿಗಳ ಕಥೆ. ವಾಹನದ ಗದ್ದಲ ಇಳಿದಾಗ ಅವು ಮೆಲ್ಲಗೆ ಹಾಡತೊಡಗಿದವು. ಇಷ್ಟು ವರ್ಷ ಪಾಪ ಕಿರುಚಿಕೊಳ್ತಾ ಇದ್ದವು!

ಇನ್ನು ಮ್ಯಾನಟಿ. ಅಮೆರಿಕದ ಫ್ಲೋರಿಡಾದ ಈ ಪ್ರಾಣಿ ಕಡಲಹಸುವಿನ ದಾಯಾದಿ. ಕಡಲಹಸುವಿನ ಬಾಲ ತಿಮಿಂಗಿಲದ ಹಾಗೆ ಕವಲೊಡೆದಿದ್ದರೆ, ಇದರದು ರೊಟ್ಟಿ ತಟ್ಟಿದಂತೆ ದುಂಡಗೆ. ಇದಕ್ಕೆ ದೊಡ್ಡ ಕಂಟಕ ವೇಗದ ದೋಣಿ. ಬೆನ್ನ ಮೇಲೆ ದೋಣಿಯ ಫ್ಯಾನು ಕೊರೆದ ಕಲೆ ನೋಡಿಯೇ ಯಾವ ಮ್ಯಾನಟಿ ಅಂತ ಸಂಶೋಧಕರು ಗುರುತು ಹಿಡಿಯುತ್ತಾರೆ. ಕೊರೊನಾ ಕಾಲದಲ್ಲಿ ದೋಣಿ ನಿಂತು ಇವುಗಳಿಗೆ ಆರಾಮಾಯಿತು ಅಂದುಕೊಂಡರೆ ಅದೂ ಇಲ್ಲ. 2020ರಲ್ಲಿ ಅಮೆರಿಕದಲ್ಲಿ ದೋಣಿ ಮಾರಾಟ ಏರಿತ್ತು. ಮನೆಯಲ್ಲಿ ಕೂತು ಬೇಸತ್ತವರು ಇನ್ನೆಲ್ಲಿಗೆ ಹೋಗಬೇಕು, ಹೇಳಿ.

ಮರುವರ್ಷ, ಅಂದರೆ 2021ರಲ್ಲಿ, ಫ್ಲೋರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟಿಗಳು ಸತ್ತವು. ಈ ಸಲ ದೊಡ್ಡ ಕಾರಣ ಹಸಿವು. ಚರಂಡಿ ನೀರು, ಗೊಬ್ಬರ ಹರಿದು ಬಂದು ಹಿನ್ನೀರಿನಲ್ಲಿ ಪಾಚಿ ಹಬ್ಬಿತ್ತು. ತಳಕ್ಕೆ ಬಿಸಿಲು ಇಳಿಯದೆ ಕಡಲಹುಲ್ಲು ಸತ್ತಿತ್ತು. ವರ್ಷಗಟ್ಟಲೆ ಕೆಟ್ಟದ್ದು ಎರಡು ತಿಂಗಳ ಮೌನಕ್ಕೆ ಚಿಗುರಲ್ಲ.

ನಿಜವಾದ ವಾಪಸಾತಿ ನೋಡಬೇಕು ಅಂದ್ರೆ ಅದೇ ಫ್ಲೋರಿಡಾದ ಬ್ಲೂ ಸ್ಪ್ರಿಂಗ್‌ಗೆ ಹೋಗಬೇಕು. ಅದೊಂದು ಒರತೆ. ನೀರು ವರ್ಷವಿಡೀ 22 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪಕ್ಕದ ನದಿ 20 ಡಿಗ್ರಿಗಿಂತ ತಣ್ಣಗಾದರೆ ಮ್ಯಾನಟಿಗೆ ತಡೆಯಲಾಗದು, ಹಾಗಾಗಿ ಚಳಿಗಾಲಕ್ಕೆ ಒರತೆ ಸೇರುತ್ತವೆ. 1970ರ ದಶಕದ ಶುರುವಿನಲ್ಲಿ ಅಲ್ಲಿ ಬರುತ್ತಿದ್ದದ್ದು 40ಕ್ಕೂ ಕಡಿಮೆ. ಸರ್ಕಾರ ಜಾಗ ಕೊಂಡು, ಚಳಿಗಾಲದಲ್ಲಿ ದೋಣಿ, ಈಜು ಎರಡನ್ನೂ ನಿಲ್ಲಿಸಿತು. 2024ರ ಜನವರಿಯ ಒಂದು ದಿನ ಎಣಿಸಿದಾಗ 900 ದಾಟಿತ್ತು.

ನಮ್ಮಲ್ಲೂ ಹೀಗೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿ 1974ರಲ್ಲಿ ಅಭಯಾರಣ್ಯ ಮಾಡಿದರು. ಬಸ್ಸಿಗೆ ಹೆಸರು ಕೊಟ್ಟ ಚಿಗರಿ ಇದೇ, ಈಗ ಅಲ್ಲಿ ಸಾವಿರಗಟ್ಟಲೆ ಇವೆ. ಆದರೆ ಒಂದು ಕಾಲಕ್ಕೆ ಅದೇ ಬಯಲಲ್ಲಿ ಕಾಣುತ್ತಿದ್ದ ದೊರವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹೋಯಿತು. ಅದಕ್ಕೆ ಬೇಕಿದ್ದದ್ದು ಬಯಲು ಹುಲ್ಲುಗಾವಲು, ಅಲ್ಲಿ ಎದ್ದದ್ದು ನೀಲಗಿರಿ ತೋಪು. ಲಾಕ್‌ಡೌನ್‌ನಲ್ಲೂ ಅದು ಬರಲಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇನ್ನೊಂದು ತಮಾಷೆ. ನೀರಾವರಿಗೆ ಮನುಷ್ಯರೇ ಕಟ್ಟಿದ ಕೆರೆ ಅದು, ಸುತ್ತಲೂ ಹೊಲ. 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಜನ ಇದ್ದರೂ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಪ್ರತಿ ಚಳಿಗಾಲ ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ, ಮಾರ್ಚ್ ಹೊತ್ತಿಗೆ ಹೊರಡುತ್ತವೆ. 2020ರಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಲಾಕ್‌ಡೌನ್‌ಗೆ ಹೆದರಿ ಹಕ್ಕಿಗಳು ಊರು ಬಿಟ್ಟವು ಅಂತ ಯಾರೂ ವಿಡಿಯೋ ಹರಿಬಿಡಲಿಲ್ಲ, ಸದ್ಯ.