ಅನ್ನ ಬಿಟ್ಟರೆ ಕ್ಯಾನ್ಸರ್ ಗಡ್ಡೆ ಉಪವಾಸ ಬೀಳುವುದಿಲ್ಲ

ಕೀಮೋ ನಡೆಯುತ್ತಿರುವವರಿಗೆ ಅನ್ನ, ರೊಟ್ಟಿ, ಬಾಳೆಹಣ್ಣು ಎಲ್ಲ ನಿಲ್ಲಿಸಿ ಕರೆತರುವ ಮನೆಯವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಅಯ್ಯೋ ಅನ್ನಿಸುವುದೂ ಹೌದು. ಕ್ಯಾನ್ಸರ್ ಸಕ್ಕರೆ ತಿನ್ನುತ್ತದೆ ಅನ್ನುವ ಮಾತು ಹಳೆಯದು. ಈಗ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ಗಡ್ಡೆಯ ರಕ್ತನಾಳವೂ ಸಕ್ಕರೆಯ ಮೇಲೇ ಬದುಕುತ್ತದೆ, ಅದನ್ನು ನಿಲ್ಲಿಸಿದರೆ ನಾಳ ಒಣಗಿ ಗಡ್ಡೆ ಸಾಯುತ್ತದೆ, ಅಂತ.

ಸುದ್ದಿಯ ಅರ್ಧ ನಿಜ. ರಕ್ತನಾಳದ ಒಳಪದರದ ಜೀವಕೋಶಗಳಿಗೆ ಆಮ್ಲಜನಕ ಪಕ್ಕದಲ್ಲೇ ಹರಿಯುತ್ತಿರುತ್ತದೆ. ಆದರೂ ಅವು ತಮಗೆ ಬೇಕಾದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಗ್ಲೂಕೋಸ್ ಒಡೆದೇ ಪಡೆಯುತ್ತವೆ. ಬೆಲ್ಜಿಯಂನ ಲೂವೆನ್‌ನಲ್ಲಿ ವಿಜ್ಞಾನಿ ಪೀಟರ್ ಕಾರ್ಮೆಲಿಯೆಟ್ ಅವರ ತಂಡ 2013ರಲ್ಲಿ ಪಿಎಫ್‌ಕೆಎಫ್‌ಬಿ3 ಅನ್ನುವ ಕಿಣ್ವವನ್ನು ತೋರಿಸಿತು. ಇದು ಜೀವಕೋಶದೊಳಗೆ ಗ್ಲೂಕೋಸ್ ಒಡೆಯುವ ವೇಗ ಹೆಚ್ಚಿಸುತ್ತದೆ. ಅದನ್ನು ತಡೆದರೆ ಹೊಸ ನಾಳ ಚಿಗುರುವುದು ಕಡಿಮೆಯಾಗುತ್ತದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ತಡೆಯುವುದು ಜೀವಕೋಶದೊಳಗಿನ ಕಿಣ್ವವನ್ನು, ತಟ್ಟೆಯಲ್ಲಿರುವ ಅನ್ನವನ್ನಲ್ಲ. ನೀವು ಊಟ ಬಿಟ್ಟರೂ ರಕ್ತದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ. ಮಿದುಳಿಗೆ ಅದು ಬೇಕು, ಹಾಗಾಗಿ ಲಿವರ್ ಅದನ್ನು ತಯಾರಿಸಿಕೊಡುತ್ತದೆ, ಕೈಗೆ ಸಿಗದಿದ್ದರೆ ನಿಮ್ಮ ಸ್ನಾಯುಗಳನ್ನೇ ಕರಗಿಸಿ ತಯಾರಿಸುತ್ತದೆ. ಗಡ್ಡೆ ಎಲ್ಲಿದೆ ಎಂದು ನೋಡುವ ಪೆಟ್ ಸ್ಕ್ಯಾನ್ ಮಾಡಿಸಿದವರು ನೆನಪಿಸಿಕೊಳ್ಳಿ. ನಾಲ್ಕಾರು ಗಂಟೆ ಏನೂ ತಿನ್ನಬೇಡಿ ಅಂದಿದ್ದರು ಅಲ್ವಾ? ಆ ಖಾಲಿ ಹೊಟ್ಟೆಯಲ್ಲೇ ಗಡ್ಡೆ ಸೂಜಿಯಲ್ಲಿ ಕೊಟ್ಟ ಗ್ಲೂಕೋಸ್‌ನಂಥ ವಸ್ತುವನ್ನು ಎಳೆದುಕೊಂಡು ಪರದೆಯ ಮೇಲೆ ಹೊಳೆಯುತ್ತದೆ. ಉಪವಾಸ ಬಿದ್ದವರು ನೀವು, ಗಡ್ಡೆಯಲ್ಲ.

ದಾವಣಗೆರೆ ಕಡೆಯ ಒಬ್ಬರು ಮೇಷ್ಟ್ರು, ದೊಡ್ಡ ಕರುಳಿನ ಕ್ಯಾನ್ಸರ್. ಒಂದು ಸಲ ಬಂದಾಗ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದರು. "ಸಕ್ಕರೆ ಅಂಶ ಇರೋದು ಏನೂ ಕೊಟ್ಟಿಲ್ಲ ಡಾಕ್ಟ್ರೇ" ಅಂದರು ಅವರ ಮನೆಯವರು, ಬಹಳ ಶ್ರದ್ಧೆಯಿಂದ. ಆ ಶ್ರದ್ಧೆಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ಅಷ್ಟು ತೂಕ ಇಳಿದು ನಿಶ್ಶಕ್ತರಾದವರಿಗೆ ಆ ವಾರ ಕೀಮೋ ಕೊಡಲು ಆಗಲಿಲ್ಲ, ಮುಂದೂಡಿದೆವು. ಚಿಕಿತ್ಸೆ ತಪ್ಪಿದ್ದು ಗಡ್ಡೆಗೇ ಲಾಭ.

ಇನ್ನೊಂದು ತಪ್ಪು ತಿಳಿವಳಿಕೆ, ನಾಳ ಎಷ್ಟು ಕಡಿದರೆ ಅಷ್ಟು ಒಳ್ಳೆಯದು ಅನ್ನುವುದು. ಗಡ್ಡೆಯ ನಾಳಗಳು ಅವಸರದಲ್ಲಿ ಎಳೆದ ಡ್ರಿಪ್ ಪೈಪ್ ಇದ್ದ ಹಾಗೆ, ಸೇರುವ ಕಡೆಯೆಲ್ಲ ಸೋರಿ ಕೊನೆಯ ಗಿಡಕ್ಕೆ ನೀರೇ ತಲುಪುವುದಿಲ್ಲ. ನಾವು ಕೊಡುವ ಔಷಧಿಯೂ ಹಾಗೆಯೇ ಒಳಗೆ ತಲುಪುವುದಿಲ್ಲ. ಆದ್ದರಿಂದ ನಾಳಗಳನ್ನು ರಿಪೇರಿ ಮಾಡುವುದೇ ಜಾಣತನ ಎಂದು ಬಾಸ್ಟನ್‌ನ ಸಂಶೋಧಕ ರಾಕೇಶ್ ಜೈನ್ 2001ರಿಂದ ಹೇಳುತ್ತಾ ಬಂದಿದ್ದಾರೆ. ಲೂವೆನ್ ತಂಡ 2016ರಲ್ಲಿ ಇಲಿಗಳಲ್ಲಿ ಆ ಕಿಣ್ವವನ್ನು ಕಡಿಮೆ ಡೋಸ್ ಔಷಧಿಯಿಂದ ತಡೆದಾಗ ಆದದ್ದೂ ಇದೇ. ನಾಳದ ಗೋಡೆ ಬಿಗಿಯಾಯಿತು, ಕ್ಯಾನ್ಸರ್ ಹರಡುವುದು ಕಡಿಮೆಯಾಯಿತು, ಕೀಮೋ ಚೆನ್ನಾಗಿ ಕೆಲಸ ಮಾಡಿತು. ಡೋಸ್ ಜಾಸ್ತಿ ಮಾಡಿ ನೋಡಿದಾಗ ನಾಳಗಳು ಛಿದ್ರವಾಗಿ ಹರಡುವುದೇ ಹೆಚ್ಚಾಯಿತು.

ಇವೆಲ್ಲ ಇಲಿಗಳ ಮಾತು. ಕಿಣ್ವ ತಡೆಯುವ ಆ ಔಷಧಿಯನ್ನು ನಾನು ಬರೆದುಕೊಡಲು ಆಗುವುದಿಲ್ಲ, ಅದು ಚಿಕಿತ್ಸೆಯ ಹಂತಕ್ಕೆ ಬಂದಿಲ್ಲ. ನನಗೆ ಈ ದಾರಿಯ ಮೇಲೆ ನಂಬಿಕೆ ಇದೆ, ಆದರೆ ನಂಬಿಕೆಯನ್ನೇ ಚೀಟಿಯಲ್ಲಿ ಬರೆಯಲಾಗದು. ಸದ್ಯ ಕೈಯಲ್ಲಿರುವುದು ಬೆವಸಿಜುಮಾಬ್‌ನಂಥ ಔಷಧಿಗಳು. ಅದು ನಾಳ ಬೆಳೆಸುವ ಸಂದೇಶವನ್ನು ತಡೆಯುತ್ತದೆ, ಸಕ್ಕರೆಯ ಗೋಜಿಗೆ ಹೋಗುವುದಿಲ್ಲ. ಅದು ನಡೆಯುತ್ತಿರುವಾಗ ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಪರೀಕ್ಷಿಸಿ. ಆಪರೇಷನ್ ಇದ್ದರೆ ಮೊದಲೇ ಹೇಳಿ, ಕನಿಷ್ಠ 28 ದಿನ ಅಂತರ ಬೇಕು, ಇಲ್ಲದಿದ್ದರೆ ಗಾಯ ಮಾಯುವುದು ಕಷ್ಟ.

ಡಯಾಬಿಟಿಸ್ ಇರುವವರು ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳಲೇಬೇಕು, ಅದು ಬೇರೆ ವಿಷಯ, ನಿಮ್ಮ ಡಾಕ್ಟರ್ ಹೇಳಿದ ಪಥ್ಯ ಬಿಡಬೇಡಿ. ಉಳಿದವರು ಅನ್ನ, ಬೇಳೆ, ಮೊಟ್ಟೆ, ಮೊಸರು, ಬಾಯಿಗೆ ಸೇರಿದ್ದು ತಿನ್ನಿ. ಒಂದೇ ಸಲ ಸೇರದಿದ್ದರೆ ಸ್ವಲ್ಪ ಸ್ವಲ್ಪವಾಗಿ ತಿನ್ನಿ. ತೂಕ ಇಳಿಯುತ್ತಿದ್ದರೆ ಮುಂದಿನ ಕೀಮೋವರೆಗೂ ಕಾಯಬೇಡಿ, ಫೋನ್ ಮಾಡಿ.