ಕರಿಬೇವಿನ ಗಿಡದ ವೇಷಗಾತಿ

ಚಿಟ್ಟೆ ಗುರುತಿಸಲು ಕಲಿಯುವವರಿಗೆ ಹಿತ್ತಲಿನ ಕರಿಬೇವಿನ ಗಿಡವೇ ಸಾಕು. ಅಲ್ಲಿ ಮೊಟ್ಟೆಯಿಡಲು ಬರುವ ಕಾಮನ್ ಮಾರ್ಮನ್ ಚಿಟ್ಟೆಯನ್ನೇ ತೆಗೆದುಕೊಳ್ಳೋಣ.

ಗಂಡು ಸುಲಭ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲು, ಕೊನೆಗೊಂದು ಬಾಲ. ತಲೆ ಕೆಡಿಸುವುದು ಹೆಣ್ಣು. ನಮ್ಮಲ್ಲಿ ಅದು ಮೂರು ರೂಪದಲ್ಲಿ ಬರುತ್ತದೆ: ಒಂದು ಥೇಟ್ ಗಂಡಿನಂತೆ, ಇನ್ನೊಂದು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ.

ಯಾಕೆ ಈ ವೇಷ? ರೋಸ್ ಚಿಟ್ಟೆಗಳ ಹುಳು ಈಶ್ವರಿ ಬಳ್ಳಿ ತಿಂದು ಬೆಳೆಯುತ್ತದೆ. ಬಳ್ಳಿಯ ವಿಷ ಚಿಟ್ಟೆಯಾದ ಮೇಲೂ ಮೈಯಲ್ಲಿ ಉಳಿಯುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಮಾರ್ಮನ್ ಹುಳು ತಿನ್ನುವುದು ಕರಿಬೇವು, ನಿಂಬೆ ಎಲೆ. ಅದರಲ್ಲಿ ವಿಷ ಎಲ್ಲಿಂದ ಬರಬೇಕು? ಸುಮ್ನೆ ಬಣ್ಣ ತೋರಿಸಿ ಬಚಾವಾಗುತ್ತದೆ. ಒಂದೇ ಜಾತಿಯ ಹೆಣ್ಣಿನಲ್ಲಿ ಇಷ್ಟು ರೂಪ ಹೇಗೆ ಎಂಬ ಪ್ರಶ್ನೆಗೆ 2014ರಲ್ಲಿ ಉತ್ತರ ಸಿಕ್ಕಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು, ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ (ವಂಶವಾಹಿ) ಇದನ್ನು ನಿರ್ಧರಿಸುತ್ತದೆ ಎಂದು ತೋರಿಸಿದರು.

ಸರಿ, ಎದುರಿಗೆ ಕೂತಿರುವುದು ಅಸಲಿಯೋ ನಕಲಿಯೋ? ರೆಕ್ಕೆ ಬಿಡಿ, ಮೈ ನೋಡಿ. ರೋಸ್ ಚಿಟ್ಟೆಯ ತಲೆ, ಎದೆಯ ಪಕ್ಕ, ಹೊಟ್ಟೆಯ ಅಡಿಭಾಗ ಕೆಂಪು. ಮಾರ್ಮನ್ ಮೈ ಕಪ್ಪು, ಕೆಂಪೆಲ್ಲ ರೆಕ್ಕೆಯಲ್ಲಷ್ಟೇ. ಕಾಮನ್ ರೋಸ್‌ನ ಬೆನ್ನೂ ಕಪ್ಪೇ ಆಗಿರುವುದರಿಂದ ಮೇಲಿಂದ ತೆಗೆದ ಫೋಟೋ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದಿಂದ ತೆಗೆಯಿರಿ. ಹಾರಾಟವನ್ನೂ ಗಮನಿಸಿ. ರೋಸ್ ಯಾರ ಹಂಗಿಲ್ಲದೆ ನಿಧಾನಕ್ಕೆ ಹಾರುತ್ತದೆ. ಮಾರ್ಮನ್ ಕೂಡ ಹಾಗೇ ನಟಿಸುತ್ತದೆ, ಆದರೆ ಬೆದರಿಸಿದರೆ ನಾಟಕ ಬಿಟ್ಟು ಪರಾರಿ!

ಚಿಗುರೆಲೆಯ ಮೇಲೆ ಒಂಟಿಯಾಗಿ ಕೂತ ದುಂಡನೆಯ ತಿಳಿಹಳದಿ ಮೊಟ್ಟೆ ಸಿಗಬಹುದು. ಎಳೆಯ ಹುಳು ನೋಡಲು ಹಕ್ಕಿ ಹಿಕ್ಕೆ. ದೊಡ್ಡದಾದಾಗ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬಂದು ಘಾಟು ವಾಸನೆ ಬೀರುತ್ತದೆ. ಆದರೆ ಹುಳು ನೋಡಿ ಹೆಸರು ಹೇಳಲು ಅವಸರ ಬೇಡ. ಲೈಮ್ ಚಿಟ್ಟೆಯ ಹುಳುವೂ ಇದೇ ಗಿಡದಲ್ಲಿರುತ್ತದೆ, ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ.

ವೇಷ ಹಾಕುವುದು ಚಿಟ್ಟೆ ಮಾತ್ರ ಅಲ್ಲ. ಹೂವಿನ ಮುಂದೆ ಗಾಳಿಯಲ್ಲೇ ನಿಂತಿರುವ ಹಳದಿ ಪಟ್ಟೆಯ ಹುಳು ಜೇನಲ್ಲ, ಹೋವರ್‌ಫ್ಲೈ ಎಂಬ ನೊಣ. ನೊಣಕ್ಕೆ ಎರಡು ರೆಕ್ಕೆ, ಜೇನಿಗೆ ನಾಲ್ಕು, ನಿಜ. ಆದರೆ ಜೇನಿನ ಹಿಂದುಮುಂದಿನ ರೆಕ್ಕೆಗಳು ಕೊಂಡಿ ಹಾಕಿಕೊಂಡು ಒಂದೇ ರೆಕ್ಕೆಯ ಥರ ಕಾಣುವುದರಿಂದ ಎಣಿಸುವುದು ಕಷ್ಟ. ತಲೆಯ ಮೀಸೆ (ಆಂಟೆನಾ) ನೋಡುವುದೇ ವಾಸಿ: ಜೇನಿನದು ಉದ್ದ, ನಡುವೆ ಮಡಚಿದ್ದು. ಈ ನೊಣದ್ದು ತೀರಾ ಮೋಟು. ಇದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಇವುಗಳಲ್ಲಿ ಎಷ್ಟೋ ಜಾತಿಯ ಮರಿಹುಳುಗಳು ಗಿಡದ ಹೇನು ತಿಂದೇ ಬೆಳೆಯುತ್ತವೆ. ಅವರೆ ಬಳ್ಳಿಗೆ ಹೇನು ಹತ್ತಿದರೆ ಔಷಧಿ ಹೊಡೆಯುವ ಮುಂಚೆ ಎಲೆ ಮಗುಚಿ ನೋಡಿ.