ಸೊಪ್ಪಿಗಿಂತ ಬೇರಿಗೆ ಬಾಳಿಕೆ ಜಾಸ್ತಿ

ಸಾಗರ, ತೀರ್ಥಹಳ್ಳಿ ಕಡೆ ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು ತಂದು ಅಡಿಕೆ ಬುಡಕ್ಕೆ ಹರಡಿದರೆ, ಮಣ್ಣಿಗೆ ಇಂಗಾಲ ಸೇರಿತು ಅಂತ ಸಮಾಧಾನ. ಸೇರುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಕೊಳೆತು ಮತ್ತೆ ಗಾಳಿಗೇ ಹೋಗುತ್ತದೆ. ಮಣ್ಣಲ್ಲಿ ಉಳಿಯುವ ವಿಷಯ ಬಂದರೆ ಸೊಪ್ಪಿಗಿಂತ ಗಿಡದ ಬೇರು ಮುಂದು. 2005ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ವಿಜ್ಞಾನಿಗಳಿಗೆ ಸಿಕ್ಕ ಲೆಕ್ಕ ಇದು: ಎಲೆ, ಕಾಂಡದ ಇಂಗಾಲ ಇರುವಷ್ಟು ಕಾಲದ ಸುಮಾರು 2.4 ಪಟ್ಟು ಕಾಲ ಬೇರಿನ ಇಂಗಾಲ ಮಣ್ಣಲ್ಲಿರುತ್ತದೆ.

ಯಾಕೆ? ಬೇರು ಸತ್ತ ಮೇಲೆ ಮಾತ್ರ ಮಣ್ಣಿಗೆ ಇಂಗಾಲ ಕೊಡುವುದಲ್ಲ. ಬದುಕಿದ್ದಾಗಲೂ ಅದರ ತುದಿಯಿಂದ ಸಕ್ಕರೆ, ಆಮ್ಲ, ಲೋಳೆ ಒಸರುತ್ತಲೇ ಇರುತ್ತದೆ. ಅದಕ್ಕೆ ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಜಾಗದಲ್ಲಿ ಸೂಕ್ಷ್ಮಜೀವಿಗಳ ಜಾತ್ರೆ. ಈ ಜಾಗಕ್ಕೆ ಜರ್ಮನಿಯ ವಿಜ್ಞಾನಿ ಲೊರೆನ್ಜ್ ಹಿಲ್ಟ್ನರ್ 1904ರಲ್ಲೇ ರೈಜೋಸ್ಫಿಯರ್ ಎಂದು ಹೆಸರಿಟ್ಟಿದ್ದ. ಜಾಗ ಸಣ್ಣದಲ್ವಾ ಅನ್ನಬೇಡಿ. 1937ರಲ್ಲಿ ಅಮೆರಿಕದ ವಿಜ್ಞಾನಿ ಡಿಟ್ಮರ್ ಗೋಧಿಯಂಥ ಧಾನ್ಯವಾದ ರೈಯ ಒಂದೇ ಒಂದು ಗಿಡದ ಬೇರು ಅಳೆದ. ನಾಲ್ಕು ತಿಂಗಳ ಗಿಡ, 600 ಕಿಲೋಮೀಟರ್‌ಗೂ ಜಾಸ್ತಿ ಬೇರು. ಬೇರುಗೂದಲು ಬೇರೆ ಲೆಕ್ಕ, ಅದು 10,000 ಕಿಲೋಮೀಟರ್ ದಾಟಿತ್ತು!

ಒಸರಿದ್ದನ್ನು ತಿಂದ ಜೀವಿಗಳು ಅಲ್ಲೇ ಸಾಯುತ್ತವೆ. ಅವುಗಳ ಅವಶೇಷ ಜೇಡಿ ಕಣಕ್ಕೆ, ಕಬ್ಬಿಣ, ಅಲ್ಯೂಮಿನಿಯಂನ ಆಕ್ಸೈಡಿಗೆ ಅಂಟಿಕೊಳ್ಳುತ್ತದೆ. ಅಂಗಳದಲ್ಲಿ ಹರವಿದ ಭತ್ತಕ್ಕೆ ಕೋಳಿ, ಗುಬ್ಬಿ ಎಲ್ಲವೂ ಬಾಯಿ ಹಾಕುತ್ತವೆ, ಪಣತ ಸೇರಿದ ಭತ್ತ ಸುಲಭಕ್ಕೆ ಸಿಗುವುದಿಲ್ಲ. ಹೀಗೆ ಅಂಟಿಕೊಂಡ ಇಂಗಾಲವೂ ಹಾಗೆಯೇ, ಕೊಳೆಸುವ ಜೀವಿಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ಮಲೆನಾಡಿನ ಮಣ್ಣು ಕೆಂಪಗಿರುವುದೇ ಆ ಕಬ್ಬಿಣದಿಂದ. ಆದ್ದರಿಂದ 'ಕಪ್ಪಗಿದ್ದರೆ ಮಾತ್ರ ಇಂಗಾಲ' ಎನ್ನುವವರ ಮಾತು ನಂಬಬೇಡಿ. ಬಯಲುಸೀಮೆಯ ಎರೆಮಣ್ಣು ಎಷ್ಟೇ ಕಪ್ಪಗಿದ್ದರೂ ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆಯೇ. ಮಣ್ಣು ಪರೀಕ್ಷೆಯ ಚೀಟಿ ನೋಡಿ: ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು.

ಹಾಗಂತ ಬೇರು ಬರೀ ಕೂಡಿಡುವುದೂ ಅಲ್ಲ. ಅದು ಒಸರುವ ಆಕ್ಸಾಲಿಕ್ ಆಮ್ಲ ಕಬ್ಬಿಣದ ಹಿಡಿತ ಸಡಿಲಿಸಿ ಹಳೆಯ ಇಂಗಾಲವನ್ನು ಬಿಡಿಸಬಲ್ಲದು. ಹೊಸ ಸಕ್ಕರೆಯ ರುಚಿ ಹತ್ತಿದ ಜೀವಿಗಳು ಹಳೆಯದಕ್ಕೂ ಕೈ ಹಾಕುವುದುಂಟು. ಸೇರಿದ್ದೆಷ್ಟು, ಹೋದದ್ದೆಷ್ಟು ಎಂಬುದು ಮಣ್ಣಿನ ಮೇಲೆ, ಬೆಳೆಯ ಮೇಲೆ ನಿಂತಿದೆ. ನೀರು ನಿಂತ ಗದ್ದೆಯ ಕತೆ ಇನ್ನೂ ಬೇರೆ. ಅಲ್ಲಿ ಗಾಳಿಯಿಲ್ಲದೆ ಕೊಳೆಯುವುದು ನಿಧಾನ, ಆದರೆ ಇಂಗಾಲವಿರುವ ಮೀಥೇನ್ ಅನಿಲ ಹೊರಡುತ್ತದೆ.

ತೋಟದಲ್ಲಿ ಮಾಡಬಹುದಾದದ್ದು ಸರಳ. ಅಡಿಕೆಯ ಬೇರು ಹೆಚ್ಚಾಗಿ ಮರದ ಬುಡದ ಸುತ್ತಲೇ ಇರುತ್ತದೆ. ಸಾಲುಗಳ ನಡುವಿನ ಜಾಗದಲ್ಲಿ ಬೇರು ಬಿಡುವುದು ನಾವು ಶತ್ರು ಅಂದುಕೊಂಡಿರುವ ಕಳೆಯೇ. ಅದನ್ನು ಬುಡಸಮೇತ ಕಿತ್ತು, ವರ್ಷವರ್ಷ ಅಗತೆ ಮಾಡುವ ಬದಲು ಮೇಲಿಂದ ಸವರಿ ಬಿಟ್ಟರೆ ಬೇರು ಮಣ್ಣಲ್ಲೇ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.